ಘಾಟಿಯಾಚೆಯಿಂದ ಮರಳಿದ ಕೋವಿ

ಹಾಲ್ವರ್ ಅಣ್ಣಾ,

ಮೊನ್ನೆ ನಿನ್ನ ಅಂಗಳದಿಂದ ಗಾಡಿ ತಿರುಗಿಸಿಕೊಂಡು ಹೊರಟವಳು ಘಾಟಿ ದಾಟಿ ಮಾಂಟಾನಾ ಸೇರುವವರೆಗೂ ಎಲ್ಲೂ ನಿಲ್ಲಲಿಲ್ಲ. ಫೋನಿನಲ್ಲಿ ಮಾತಾಡಿದರೆ ನೀನು ನಗಿಸಿ ಮಾತು ಹಾರಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯೆ ಬಾಯಿ ಹಾಕಲು ನಿನಗೆ ಆಗಬಾರದು.

ಅಪ್ಪ ತೀರಿಕೊಂಡಾಗಲೇ ನಮ್ಮಿಬ್ಬರಲ್ಲಿ ಮಾತಾಗಿತ್ತು: ಕೋವಿ ಒಂದು ಬೇಟೆಗಾಲ ನಿನ್ನ ಹತ್ತಿರ, ಮುಂದಿನದು ನನ್ನ ಹತ್ತಿರ. ತಾತನ ಕುದುರೆಯ ಜೀನಿನ ಪಕ್ಕದಲ್ಲಿ ತೂಗಿಕೊಂಡು ಈ ಕಣಿವೆಗೆ ಬಂದ ಕೋವಿ ಅದು. ಕೋವಿಯ ಹೊಟ್ಟೆಯಡಿ ಬಳೆಯ ಆಕಾರದಲ್ಲಿದ್ದ ಲಿವರ್‌ಗೆ ಬೆರಳು ತೂರಿಸಿ, ಕೆಳಕ್ಕೆ ಒತ್ತಿ ಮೇಲಕ್ಕೆಳೆದರೆ ತೋಟಾ ನಳಿಗೆಗೆ ಏರುತ್ತಿತ್ತು. ಆ ಸದ್ದು ಕೇಳಿಯೇ ಅಡುಗೆಮನೆಯಲ್ಲಿದ್ದ ಅಮ್ಮ, ಕೋವಿ ಯಾರ ಕೈಯಲ್ಲಿದೆ ಎಂದು ಹೇಳುತ್ತಿದ್ದಳು. ಅಪ್ಪನದು ನಿಧಾನ. ನಿನ್ನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತಿತ್ತು. ನಾನು ಎಳೆಯುವುದನ್ನು ಕಂಡರೆ ನೀನು, "ಬಾವಿಯಿಂದ ನೀರು ಸೇದ್ತಿದೀಯೇನೇ ಟಿಲ್ಡೀ? ಅಷ್ಟರಲ್ಲಿ ಆ ಜಿಂಕೆ ಮೊಮ್ಮಕ್ಕಳನ್ನ ಕಾಣುತ್ತೆ" ಎಂದು ಆಡಿಕೊಳ್ಳುತ್ತಿದ್ದೆ.

ಕಳೆದ ಬೇಟೆಗಾಲ ನಿನ್ನದಾಗಿತ್ತು. ಅದಾದ ಮೇಲೆ ನೀನು ಕಣ್ಣಿಗೇ ಬೀಳಲಿಲ್ಲ. ಕ್ರಿಸ್‌ಮಸ್‌ಗೆ ಬಾ ಎಂದರೆ ಹಿಮ ಎಂದೆ. ಹಿಮ ಕರಗಿದ ಮೇಲೆ ಕುರಿಗಳು ಮರಿ ಹಾಕುತ್ತಿವೆ ಎಂದೆ. ಕೋವಿಯ ಮಾತೆತ್ತಿದಾಗಲೆಲ್ಲ ಮಾರ್ಲಾ ಅತ್ತಿಗೆ ನಿನ್ನಿಂದ ಫೋನ್ ಕಸಿದುಕೊಂಡು ಹವಾಮಾನದ ಸುದ್ದಿ ತೆಗೆಯುತ್ತಿದ್ದಳು. ಇದರ ನಡುವೆ ನೀನು ಹೊಸ ಪಿಕಪ್ ಕೊಂಡೆ ಎಂದು ಯಾರೋ ಹೇಳಿದರು. ಹಳೆಯದಕ್ಕೆ ಏನಾಗಿತ್ತು? ಗಟ್ಟಿಮುಟ್ಟಾಗಿಯೇ ಇತ್ತಲ್ಲ. ಆಗ ನಿನ್ನ ಬೇಟೆ ಶಿಬಿರಕ್ಕೆ ಬರುವ ಆ ಶಿಕಾಗೋದ ಸಾಹೇಬ ನೆನಪಾದ. ಅಪ್ಪ ಬದುಕಿದ್ದಾಗಲೇ, "ಇದನ್ನ ನನಗೆ ಕೊಡಿ, ಗಾಜಿನ ಕಪಾಟಿನಲ್ಲಿಡ್ತೀನಿ" ಎಂದು ಬೆನ್ನು ಬಿದ್ದಿದ್ದವನು. ನನ್ನ ತಲೆಗೆ ಹುಳ ಹೊಕ್ಕಿದ್ದು ಆವತ್ತೇ.

ಆಗಸ್ಟಿನಲ್ಲಿ ಅತ್ತಿಗೆ ಒಬ್ಬಳೇ ಘಾಟಿಯ ತುದಿಗೆ ಬಂದು ಕೋವಿ ಕೊಟ್ಟಳು. ನನ್ನ ಮುಖ ನೋಡಲಿಲ್ಲ, ಕಾಫಿಗೂ ನಿಲ್ಲಲಿಲ್ಲ. ಮನೆಗೆ ತಂದು ಅದಕ್ಕೆ ಸುತ್ತಿದ್ದ ಕಂಬಳಿ ಬಿಚ್ಚಿದೆ. ಜೀನಿನ ತೊಗಲಿಗೆ ಉಜ್ಜಿ ಉಜ್ಜಿ ಬೆಳ್ಳಿಯಂತಾಗಿದ್ದ ನಳಿಗೆಯ ತುದಿ ಈಗ ಕಾಡಿಗೆ ಕಪ್ಪು. ಅಪ್ಪನ ಕೆನ್ನೆ ತಾಗಿ ನುಣುಪಾಗಿದ್ದ ಮರದ ಹಿಡಿಯೂ ಬೇರೆ. ಬೇಲಿ ಕಂಬದ ಮೇಲೆ ಡಬ್ಬಿಯಿಟ್ಟು ಹೊಡೆದರೆ ಗುಂಡು ಎಡಕ್ಕೆ ಸರಿದು ಹೋಯಿತು.

ಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಪ್ರೂಯಿಟ್‌ನ ಮುಂದೆ ಇಟ್ಟೆ. ಅವನು ತಿರುಗಿಸಿ ಮುರುಗಿಸಿ ನೋಡಿ, "ಯಾವ್ಯಾವುದೋ ಕೋವಿಯ ಭಾಗ ಕೂಡಿಸಿ ಮಾಡಿರೋ ಮಾಲು ಕಣಮ್ಮ ಇದು. ನಿಮ್ಮಪ್ಪಂದು ಯಾವ ಸಾಹುಕಾರನ ಗೋಡೆ ಮೇಲೆ ನೇತಾಡ್ತಿದೆಯೋ" ಎಂದ. ಕೋವಿಯ ಮೇಲೆ ಕೊರೆದ ಸಂಖ್ಯೆ ಹೋಲಿಸೋಣವೆಂದರೆ ಅಪ್ಪ ಅದನ್ನು ಎಲ್ಲೂ ಬರೆದಿಟ್ಟವನಲ್ಲ.

ಹೇಳದೆ ಕೇಳದೆ ನಿನ್ನ ಮನೆಗೆ ಬಂದದ್ದು ಅದಕ್ಕೇ. ನೀನು ಕುರಿದೊಡ್ಡಿಯ ಹತ್ತಿರ ನಿಂತಿದ್ದೆ, ಅಷ್ಟು ಬಿಸಿಲಿನಲ್ಲೂ ತೊಗಲಿನ ಕೈಗವಸು ಹಾಕಿಕೊಂಡು. ಎಡಗೈಯಿಂದ ನನ್ನನ್ನು ಅಪ್ಪಿಕೊಂಡೆ. ತಪ್ಪು ಮಾಡಿದವನ ಅಪ್ಪುಗೆ ಎಂದು ನಾನು ಅಂದುಕೊಂಡೆ. ಕೋವಿಯ ಲಿವರ್ ತೆರೆದು, ಒಳಗೆ ತೋಟಾ ಇಲ್ಲವೆಂದು ತೋರಿಸಿ, ಮತ್ತೆ ಮುಚ್ಚಿ ನಾನು ಅದನ್ನು ನಿನ್ನ ಮುಂದೆ ಹಿಡಿದೆ.

"ಇದು ಯಾರ ಕೋವಿ?"

"ಅಪ್ಪಂದೇ ಕಣೇ."

"ಹಾಗಾದ್ರೆ ಲಿವರ್ ಎಳಿ. ಸದ್ದು ಕೇಳಿದ್ರೆ ನನಗೆ ಗೊತ್ತಾಗುತ್ತೆ."

ನೀನು ಅತ್ತಿಗೆಯ ಕಡೆ ನೋಡಿದೆ. "ಕುರಿಗೆ ನೀರು ಬಿಡ್ಬೇಕು, ಆಮೇಲೆ ನೋಡೋಣ."

"ಮುಟ್ಟೋಕೂ ಮುಖ ಇಲ್ವಾ ನಿಂಗೆ?"

ಆಗ ನೀನು ಕೋವಿ ತೆಗೆದುಕೊಂಡೆ. ಬಲಗೈಯನ್ನು ಬಳೆಯೊಳಗೆ ತೂರಿಸಿ ಒತ್ತಿದೆ. ಲಿವರ್ ಅಲುಗಲಿಲ್ಲ. ಕೈಗವಸಿನ ಮೂರು ಬೆರಳು ಮಾತ್ರ ಖಾಲಿ ಕಾಲುಚೀಲದ ಹಾಗೆ ಹಿಂದಕ್ಕೆ ಮಡಚಿಕೊಂಡವು. ಹೊಲಿಗೆಯ ಸಂದಿನಿಂದ ನೀನು ಒಳಗೆ ತುರುಕಿದ್ದ ಕುರಿಯ ಉಣ್ಣೆ ಇಣುಕಿತು.

ಅತ್ತಿಗೆ ಬಾಯಿಬಿಟ್ಟದ್ದು ಆಮೇಲೆ. "ಮಂಜುಗಡ್ಡೆ ಮೇಲೆ ಕುದುರೆ ಜಾರಿ ಬಿದ್ದಾಗ ಇವನು ಪಾರಾಗಿ ಎದ್ದು ನಿಂತಿದ್ದ, ಟಿಲ್ಡಾ. ಮೈಮೇಲೆ ಒಂದು ಗೀರೂ ಇರ್ಲಿಲ್ಲ. ಆ ದರಿದ್ರ ಕಬ್ಬಿಣಾನ ಜೀನಿನ ಅಡಿಯಿಂದ ಎಳೀತೀನಿ ಅಂತ ವಾಪಸ್ ಕೈ ಹಾಕಿದಾನೆ. ಕುದುರೆ ಹೊರಳ್ತು. ನಳಿಗೆ ಬಾಗ್ತು, ಹಿಡಿ ಸೀಳ್ತು. ಅವೆರಡನ್ನೂ ಹೊಸದು ಹಾಕ್ಸಿದ್ವಿ. ಗಾಡಿ ಯಾಕೆ ಬದಲಾಯ್ಸಿದ್ದು ಅಂತಾನೂ ಕೇಳು. ಹಳೇ ಗಾಡಿಗೆ ಗೇರ್ ಹಾಕೋ ಬಲಗೈ ಎಲ್ಲಿದೆ ಇವನಿಗೆ?"

ನೀನು ನೆಲ ನೋಡುತ್ತ ಹೇಳಿದ್ದು ಇಷ್ಟೇ: "ಗೊತ್ತಾದ್ರೆ ನೀನು ಇನ್ನು ಈ ಕೋವಿ ಮುಟ್ಟಲ್ಲ ಅಂತ..."

ನಾನು ಕೋವಿಯನ್ನು ನಿನ್ನ ಜಗಲಿಯ ಬೆಂಚಿನ ಮೇಲಿಟ್ಟು ಹೊರಟುಬಂದೆ. ಸಿಟ್ಟು ಎಂದುಕೊಂಡಿರುತ್ತೀಯ. ಅದು ಸಿಟ್ಟಲ್ಲ ಅಣ್ಣಾ. ಕಬ್ಬಿಣವನ್ನು ತಿರುಗಿಸಿ ಮುರುಗಿಸಿ ನೋಡಿದ ನಾನು, ಅದನ್ನು ಕಳಿಸಿದವನು ಹೇಗಿದ್ದಾನೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಆದರೆ ಘಾಟಿಯ ತಿರುವುಗಳಲ್ಲಿ ನನಗೊಂದು ಉಪಾಯ ಹೊಳೆಯಿತು. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಎಡಗೈಯಿಂದ ಗಾಳಿಯಲ್ಲಿ ಲಿವರ್ ಎಳೆದು ನೋಡಿದೆ. ಎದುರು ಬಂದ ಲಾರಿಯವನು ನನಗೆ ಹುಚ್ಚು ಎಂದುಕೊಂಡಿರಬೇಕು. ತೋಟಾ ಏರಿಸುವ ಕೊಕ್ಕೆ ಬಲಪಕ್ಕದಲ್ಲಿರುವ ಈಗಿನ ಕೋವಿಗಳಿಗೆ ಬಲಗೈಯೇ ಬೇಕು. ಇದಕ್ಕೆ ಆ ಹಟವಿಲ್ಲ. ಲಿವರ್ ನಟ್ಟನಡುವೆ ಇದೆ. ಎಡಭುಜಕ್ಕೆ ಆನಿಸು. ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಉಳಿದಿವೆ ತಾನೆ? ನಳಿಗೆಯ ಭಾರ ಹೊರಲು ಅಂಗೈ ಸಾಕು. ಮೊದಮೊದಲು ಒಂದೂ ಗುರಿಗೆ ತಾಗುವುದಿಲ್ಲ. ತಾಗದಿರಲಿ.

ಈ ಬೇಟೆಗಾಲ ನನ್ನದು. ಅದನ್ನು ನಿನಗೆ ಬಿಟ್ಟುಕೊಟ್ಟಿದ್ದೇನೆ. ನಾನು ಬರುವವರೆಗೆ ಬೇಲಿ ಕಂಬದ ಡಬ್ಬಿಗೇ ಹೊಡೆಯುತ್ತಿರು. ಒಬ್ಬನೇ ಬೆಟ್ಟ ಹತ್ತಬೇಡ. ಹತ್ತಿದೆ, ಎಲ್ಕ್ ಜಿಂಕೆ ಬೀಳಿಸಿದೆ ಎಂದು ಫೋನಿನಲ್ಲಿ ಕೊಚ್ಚಿಕೊಂಡರೆ ನಾನು ನಂಬುವುದಿಲ್ಲ. ಕೈ ನೋಯುವುದಿಲ್ಲ ಎಂದರೆ ಅದನ್ನೂ ನಂಬುವುದಿಲ್ಲ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ ಎಂದರೆ ಅತ್ತಿಗೆಯನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ. ಇನ್ನು ನೀನು ಹೇಳುವ ಪ್ರತಿಯೊಂದು ಮಾತಿನ ಮೇಲೂ ನನಗೆ ಅನುಮಾನವೇ, ಬದುಕಿರುವಷ್ಟು ಕಾಲ.

ನೀನು ಏರುವ ಪ್ರತಿ ಕುದುರೆಯ ಹೆಜ್ಜೆಯೂ ಗಟ್ಟಿಯಾಗಿರಲಿ.

ನಿನ್ನ ತಂಗಿ,
ಟಿಲ್ಡಾ