ಫೆಬ್ರವರಿ ಮುಗಿಯುವವರೆಗೂ ಸ್ವೆಟರ್

ಜನವರಿ 9, ಬೆಳಿಗ್ಗೆ 7.10

ಸೀರೆ ಇಸ್ತ್ರಿ ಮಾಡುವಷ್ಟರಲ್ಲೇ ಬೆನ್ನು ಒದ್ದೆ. ಚಳಿಗಾಲವಂತೆ. ಫ್ಯಾನ್ ಕೆಳಗೆ ಕೂತು ಟೀ ಕುಡಿದೆ. ಸ್ಕೂಲಿನಲ್ಲಿ ಮಾತ್ರ ಫೆಬ್ರವರಿ ಮುಗಿಯುವವರೆಗೂ ಸ್ವೆಟರ್ ಕಡ್ಡಾಯ. ಸುತ್ತೋಲೆಗೇನು, ಅದಕ್ಕೆ ಸೆಕೆಯೇ?

ಜನವರಿ 12

ನನ್ನ ನಾಲ್ಕನೇ ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಉಣ್ಣೆ ಸ್ವೆಟರ್. ಇವತ್ತು ಅಸೆಂಬ್ಲಿಯಲ್ಲಿ ಒಬ್ಬ ತಲೆ ಸುತ್ತಿ ಬಿದ್ದ. ನೇರ ಹೆಡ್‌ಮೇಡಂ ರೂಮಿಗೆ ಹೋದೆ.

"ಮಕ್ಕಳು ಬೇಯ್ತಾ ಇದ್ದಾರೆ ಮೇಡಂ."

"ರೂಲ್ ಅಂದ್ರೆ ರೂಲ್ ಕಣ್ರೀ. ಇವತ್ತು ಸ್ವೆಟರ್ ಬಿಟ್ರೆ ನಾಳೆ ಶೂ ಬಿಡ್ತಾರೆ."

ಅವರ ರೂಮಿನಲ್ಲಿ ಎಸಿ. ಮೈಯೆಲ್ಲ ಉರಿದುಹೋಯಿತು. 'ಸರಿ ಮೇಡಂ' ಎಂದು ಎದ್ದು ಬಂದೆ — ಅದಕ್ಕೂ ಉರಿ.

ಜನವರಿ 13, ಮಧ್ಯಾಹ್ನ, ಸ್ಟಾಫ್‌ರೂಮ್

ಮೊದಲನೇ ಪಿರಿಯಡ್‌ನಲ್ಲೇ ಬಾಗಿಲು ಹಾಕಿ, ಎಲ್ಲರೂ ಸ್ವೆಟರ್ ತೆಗೀರಿ ಅಂದೆ. ಹೋ ಎಂದು ತೆಗೆದರು. ಒಬ್ಬಳನ್ನು ಬಿಟ್ಟು. ಕಿಟಕಿ ಪಕ್ಕ ಕೂರುವವಳು, ಕೇಳಿದರೂ ಬಾಯಿ ಬಿಡದವಳು.

"ಬೇಡ ಮಿಸ್. ನಂಗೆ ಚಳಿ."

ಮುಖದ ತುಂಬ ಬೆವರು, ಚಳಿಯಂತೆ. ಹೆಡ್‌ಮೇಡಂಗೆ ಹೆದರಿದ್ದಾಳೆ ಅಂದುಕೊಂಡೆ. ನಿನ್ನೆ ನುಂಗಿಕೊಂಡ ಸಿಟ್ಟೆಲ್ಲ ಇವಳ ಮೇಲೆ ತಿರುಗಿತು. ನಾನೇ ಹಿಡಿದು ತಲೆ ಮೇಲಿಂದ ಎಳೆದೆ.

ಬಿಳಿ ಕಾಲರೂ ಸ್ವೆಟರ್ ಜೊತೆಗೇ ಬಂತು. ಕಫ್ ಕೂಡ. ಸಣ್ಣ ಸಣ್ಣ ಹೊಲಿಗೆ ಹಾಕಿ ಸ್ವೆಟರಿಗೇ ಕೂಡಿಸಿದ್ದು... ಒಳಗೆ ಶರ್ಟ್ ಇಲ್ಲ. ಯಾರೋ ದೊಡ್ಡವರ ತೂತು ಬನಿಯನ್.

ಮೂವತ್ತೇಳು ಮಕ್ಕಳೂ ನಕ್ಕರು.

ಜನವರಿ 16

ಅವತ್ತಿನಿಂದ ಅವಳು ಸ್ಕೂಲಿಗೆ ಬಂದಿಲ್ಲ. ಇವತ್ತು ಹೊಸ ಸುತ್ತೋಲೆ — ಸೋಮವಾರದಿಂದ ಸ್ವೆಟರ್ ಬೇಡ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ನನ್ನ ಕೈ ಕುಲುಕಿದರು. ಗೆದ್ದೆನಂತೆ. ಥೂ.

ಜನವರಿ 19, ಸಂಜೆ

ಅವಳ ಅಮ್ಮ ಬಂದಿದ್ದರು, ಟಿ.ಸಿ. ಕೇಳಲು. ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಚಳಿ ಮುಗಿಯೋದ್ರೊಳಗೆ ಹೆಂಗಾದ್ರೂ ಒಂದು ಶರ್ಟ್ ಹೊಲಿದುಬಿಡ್ತೀನಿ ಅಂತಿದ್ದೆ ಮಿಸ್. ಈ ಸಲ ಚಳಿನೇ ಬರ್ಲಿಲ್ವಲ್ಲ."

"ಶರ್ಟ್ ನಾನು ಕೊಡಿಸ್ತೀನಿ. ಅವಳನ್ನ ಕಳಿಸಿ ಅಮ್ಮ."

"ಶರ್ಟ್ ನಾಳೇನೇ ಹೊಲಿದುಕೊಟ್ರೂ ಈ ಸ್ಕೂಲಿಗೆ ಬರಲ್ಲ ಅಂತಾಳೆ."

ಫಾರಂ ಮುಂದಿದೆ. 'ಶಾಲೆ ಬಿಡಲು ಕಾರಣ' — ಕ್ಲಾಸ್ ಟೀಚರೇ ತುಂಬಬೇಕು. ಹವಾಮಾನ ಅಂತ ಬರೆದೆ, ಹೊಡೆದುಹಾಕಿದೆ. ಹೆಡ್‌ಮೇಡಂ ಹೆಸರು ಬರೆಯೋಣ ಅನ್ನಿಸಿತು, ಕೈ ಏಳಲಿಲ್ಲ. ಏನು ಬರೆಯಬೇಕೆಂದು ಚೆನ್ನಾಗಿ ಗೊತ್ತಿದೆ ನನಗೆ. ಕ್ಲಾಸ್ ಟೀಚರ್ ಸಿಟ್ಟಿನಲ್ಲಿ, ಎಲ್ಲರ ಮುಂದೆ —