ಒಣಗುವ ಮೊದಲೇ ಮುಚ್ಚಿದ ಪುಟ

ಅಕ್ಕಾ,

ನೀನು ತೀರಿಕೊಂಡ ಮೇಲೆ ಮೊದಲ ಸಲ ನಮ್ಮ ಜಲವರ್ಣದ ಪುಸ್ತಕ ಹಿಡಿದು ಒಬ್ಬಳೇ ತಿರುಗಾಟಕ್ಕೆ ಹೊರಟೆ. ಇವತ್ತು ಹೊಳೆಯ ದಂಡೆಯಲ್ಲಿ ಕೂತು, ನೀನು ಅರ್ಧಕ್ಕೆ ಬಿಟ್ಟ ಗುಡ್ಡದ ಚಿತ್ರದ ಎದುರು ಪುಟದಲ್ಲಿ ಹೊಳೆ ಬರೆದೆ. ಆ ಗುಡ್ಡ ನೋಡುತ್ತಿದ್ದಂತೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ನನ್ನ ಒಂದು ಮರವನ್ನಾದರೂ ಅದರ ಪಾಡಿಗೆ ಬಿಟ್ಟೆಯಾ? "ಇಲ್ಲಿ ಸ್ವಲ್ಪ ನೆರಳು ಬೇಕು ಕಣೇ" ಎಂದು ಕೈಯಿಂದಲೇ ಕುಂಚ ಕಿತ್ತುಕೊಳ್ಳುತ್ತಿದ್ದೆ. ನಿನ್ನ ಪುಟಕ್ಕೆ ನನ್ನ ಬೆರಳು ತಾಕಿದರೆ ಮಾತ್ರ ರಂಪ. "ಗುಡ್ಡ ಮುಟ್ಟಬೇಡ, ನಾಳೆ ಮುಗಿಸ್ತೀನಿ" ಎಂದವಳು ನೀನೇ. ಎಲ್ಲಿದೆ ನಿನ್ನ ನಾಳೆ?

ಅಷ್ಟರಲ್ಲಿ ದೋಣಿಯವನು, "ಇದೇ ಕೊನೇ ದೋಣಿ, ಬರ್ತೀರೋ ಇಲ್ವೋ?" ಎಂದ. ಗಡಿಬಿಡಿಯಲ್ಲಿ ಪುಸ್ತಕ ಮುಚ್ಚಿಬಿಟ್ಟೆ. ಬಣ್ಣ ಒಣಗುವವರೆಗೆ ಊದುತ್ತಾ ಕೂರುತ್ತಿದ್ದವಳು ನೀನು. ನನಗೆಲ್ಲಿ ಆ ಅಭ್ಯಾಸ?

ಆಚೆ ದಡದಲ್ಲಿ ತೆರೆದರೆ, ನನ್ನ ಹೊಳೆಯ ಹಸಿರು ನಿನ್ನ ಗುಡ್ಡದ ಮೇಲೆ ಮೂಡಿಬಿಟ್ಟಿದೆ. ಹಾಳಾದ್ದು, ನೆರಳು ಬೇಕಾದ ಕಡೆಯೇ ಬಿದ್ದಿದೆ.

ಇನ್ನೇನು ನಿನ್ನ ಬೈಗುಳ ಬಂತು ಎಂದು ಪುಟ ತೆರೆದು ಹಿಡಿದುಕೊಂಡೇ ನಿಂತೆ. ಬರಲಿಲ್ಲ. ಎರಡೂ ಪುಟಗಳನ್ನು ನಾನೇ ಊದಿ ಒಣಗಿಸಬೇಕಾಯಿತು.