ಗಾಜಿನ ಕೆಳಗಿನ ಒಂಬತ್ತು ಸಾಲು

ಗಾಳಿಶಕೆ ೨೧೨, ಎಂಟನೆಯ ಸುತ್ತು, ನಲವತ್ತೊಂದನೆಯ ದಿನ, ಮಧ್ಯಾಹ್ನ
ಗಿರಣಿಪೇಟೆ, ಕಪ್ಪತಗುಡ್ಡದ ಪಡುವಣ ಬದಿ

ಸ್ಫೂರ್ತಿ ಬೂದಿಹಾಳ ಎಂಬುವಳಿಗೆ,

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಿಯಾವು, ಕ್ಷಮೆ ಇರಲಿ. ಅಕ್ಷರ ಸೊಟ್ಟಗಿರುವುದಕ್ಕೂ ಕ್ಷಮೆ ಇರಲಿ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಯಾಕೆಂದು ಮುಂದೆ ತಿಳಿಯುತ್ತದೆ. ನೀನು ಸತ್ತು ಎಷ್ಟೋ ಕಾಲವಾಯಿತು. ಲೆಕ್ಕ ಹಾಕಿದರೆ ನನ್ನ ಅಜ್ಜಿಯ ಅಜ್ಜಿಗೂ ಹಿರಿಯಳು. ಆದರೆ ನಿನ್ನ ಬರಹದ ಮೇಲೆ ವಯಸ್ಸು ಇಪ್ಪತ್ತೆರಡು ಎಂದಿದೆ, ನನಗೆ ನಲವತ್ತಾರು. ಅದಕ್ಕೇ ತಂಗಿ ಎಂದು ಕರೆಯುತ್ತೇನೆ. ಬೈಯುವುದಕ್ಕೂ ಅನುಕೂಲ.

‘ಸಾವಿರ ಕತ್ತಿ’ ಎಂಬ ಮೊಬೈಲ್ ಆಟದ ಬಗ್ಗೆ ಒಂದು ದಿನ ನೀನು ಬರೆದೆ. ಒಳ್ಳೆಯದೆಷ್ಟು, ಕೆಟ್ಟದ್ದೆಷ್ಟು ಎಂದು ತೂಗಿ ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟೆ. ಬಹುಶಃ ಬಸ್ಸಿಗೆ ಕಾಯುತ್ತ ಬರೆದಿರಬೇಕು. ಅದು ನಮ್ಮ ಕಾನೂನಾಯಿತು, ತಂಗಿ. ದೊಡ್ಡ ಊರುಗಳೆಲ್ಲ ಆರಿಹೋದ ಮೇಲೆ ಈ ಗುಡ್ಡದ ಗಾಳಿಗಿರಣಿಗಳಲ್ಲಿ ಮಾತ್ರ ಕರೆಂಟು ಉಳಿಯಿತು. ಅದಕ್ಕಾಗಿ ನಮ್ಮ ಗಿರಣಿಪೇಟೆಯವರೂ ಮೂಡಣ ಬದಿಯ ಹೊಸಬಾವಿಯವರೂ ಏಳು ವರ್ಷ ಕೊಚ್ಚಾಡಿದರು. ಬಾವಿಗಳಲ್ಲಿ ಹೆಣ ತುಂಬಿ ನೀರು ಸೇದಲಾರದಂತಾಯಿತು, ಎಳೆ ಕೂಸುಗಳನ್ನೂ ಬಿಡಲಿಲ್ಲ ಎಂದು ಹೇಳುತ್ತಾರೆ. ಕೊನೆಗೆ ಉಳಿದವರು ಗಿರಣಿಯ ಕೋಣೆಯಲ್ಲಿ ಕೂತಾಗ ಅಲ್ಲೊಂದು ಮೊಬೈಲ್ ಸಿಕ್ಕಿತು. ಅದರಲ್ಲಿ ಆ ಆಟವಿತ್ತು, ನಿನ್ನ ಬರಹವೂ ಇತ್ತು. ಇಡೀ ಊರು ಸಾಯುವುದಕ್ಕಿಂತ ಒಬ್ಬರಿಗೊಬ್ಬರು ಈ ಆಟದ ನಿಯಮದಲ್ಲಿ ಕಾದಲಿ ಎಂದು ಎರಡೂ ಊರು ಒಪ್ಪಿದವು. ಆ ಮೊಬೈಲನ್ನು ನಾವು ಗಾಜು ಎನ್ನುತ್ತೇವೆ. ಅದರ ಬ್ಯಾಟರಿ ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ, ಪರದೆ ಮಾತ್ರ ಅದೇ. ಬರಿಗೈಯಲ್ಲಿ ಮುಟ್ಟಿದರೆ ಬರಹ ಮಾಯವಾದೀತೆಂಬ ಹೆದರಿಕೆಯಿಂದ ಇನ್ನೂರು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಬಾಯಲ್ಲಿ ಹುಳ ಬಿದ್ದೀತು. ನೀನು ಹೊಗಳಿದ್ದರಲ್ಲಿ ಸುಳ್ಳಿಲ್ಲ. ‘ತಪ್ಪಿಸಿಕೊಳ್ಳುವುದೊಂದು ಕಲಿತರೆ ಸಾಕು, ಎಂಥ ರಾಕ್ಷಸನ ಎದುರೂ ನಿಲ್ಲಬಹುದು’ ಎಂದು ಬರೆದಿದ್ದೀಯ. ಅದನ್ನು ನಾವು ‘ಜಾರು-ಗಳಿಗೆ’ ಎನ್ನುತ್ತೇವೆ. ಕತ್ತಿ ಮೈಗೆ ತಾಗುವ ಕೊನೆಯ ಚಣದಲ್ಲಿ ಪಕ್ಕಕ್ಕೆ ಸರಿಯುವುದು. ಮುಂಚೆ ಸರಿದರೆ ಎದುರಾಳಿ ಕತ್ತಿ ತಿರುಗಿಸುತ್ತಾನೆ, ತಡವಾದರೆ ಮೈ ಸೀಳುತ್ತದೆ. ಇಪ್ಪತ್ತೈದು ವರ್ಷದಿಂದ ನಾನು ಊರಿನ ಮಕ್ಕಳಿಗೆ ಕಲಿಸುತ್ತಿರುವುದು ಅದನ್ನೇ. ನನಗೆ ಇಪ್ಪತ್ತೊಂದಾದಾಗ ನನ್ನ ಹೆಸರಿನ ಚೀಟಿ ಬಂದಿತ್ತು. ಗಿರಣಿಯ ಬುಡದ ಕಾಂಕ್ರೀಟ್ ಕಟ್ಟೆಯ ಮೇಲೆ, ಕಂಬದ ತಗಡಿಗೆ ಸಾಣೆ ಹಿಡಿದ ಕತ್ತಿ ಕೊಟ್ಟು ನಿಲ್ಲಿಸಿದರು. ಎದುರಿಗೆ ಹೊಸಬಾವಿಯ ಒಬ್ಬ ಕಂಬಳಿ ನೇಯುವವ. ಎರಡು ಸಲ ಜಾರಿದೆ, ಮೂರನೆಯದಕ್ಕೆ ತಡವಾಗಿ ಎಡಗಿವಿ ಕಟ್ಟೆಯ ಮೇಲೆ ಬಿತ್ತು. ನಾಲ್ಕನೆಯದಕ್ಕೆ ಜಾರಿ ಅವನ ಮೊಣಕಾಲಿನ ಹಿಂದೆ ಎಳೆದೆ. ನರ ಕತ್ತರಿಸಿದ ಸದ್ದು ಉಳಿದ ಕಿವಿಯಲ್ಲಿ ಇವತ್ತಿಗೂ ಇದೆ. ಅವನು ಕುಂಟುತ್ತ ಇನ್ನೂ ಬದುಕಿದ್ದಾನೆ, ಸಂತೆಯಲ್ಲಿ ಸಿಕ್ಕರೆ ಇಬ್ಬರೂ ಮುಖ ತಿರುಗಿಸುತ್ತೇವೆ.

ಇನ್ನು ನೀನು ಬೈದದ್ದು. ಚೀಟಿ ಎತ್ತಿ ವೀರರನ್ನು ಪಡೆಯುವ ಆ ಲಾಟರಿಯನ್ನು ನೀನು ಜೂಜು ಎಂದೆ. ಆದರೆ ಮರುಸಾಲಿನಲ್ಲೇ, ‘ತೊಂಬತ್ತನೇ ಸಲ ಬಂಗಾರದ ಪಾತ್ರ ಬಂದೇ ಬರುತ್ತದೆ, ಹಾಗಾಗಿ ಅನ್ಯಾಯ ಅನ್ನಲಾಗದು’ ಎಂದು ಸೇರಿಸಿದೆ. ಜೂಜು ಅಂದ ಮಾತನ್ನು ಊರು ಮರೆಯಿತು, ಇದೊಂದನ್ನು ಬಿಗಿಯಾಗಿ ಹಿಡಿದುಕೊಂಡಿತು. ನಲವತ್ತೆರಡು ದಿನಕ್ಕೆ ಒಂದು ಸುತ್ತು, ಸುತ್ತಿಗೊಂದು ಚೀಟಿ. ಗಡಿಗೆಯಲ್ಲಿ ಊರಿನ ಎಲ್ಲ ಹರೆಯದವರ ಹೆಸರಿನ ಬೂದು ಚೀಟಿ, ಅವುಗಳ ನಡುವೆ ಒಂದೇ ಒಂದು ಬಂಗಾರದ ಚೀಟಿ. ಬೂದು ಚೀಟಿಯವರ ಕಾಳಗ ಒಬ್ಬರು ಬಿದ್ದೊಡನೆ ಮುಗಿಯುತ್ತದೆ, ಗೆದ್ದ ಊರಿಗೆ ಆ ಸುತ್ತಿನಲ್ಲಿ ಗುಡ್ಡದ ಬುಡದ ಗಿರಣಿಗಳ ಕರೆಂಟು. ಬಂಗಾರದ ಚೀಟಿ ಬಂದರೆ ಎದುರಿನ ಊರೂ ತನ್ನ ಬಂಗಾರವನ್ನೇ ಕಟ್ಟೆಗೆ ಕಳಿಸಬೇಕು. ಆ ಕಾಳಗ ಒಬ್ಬರ ಉಸಿರು ನಿಲ್ಲುವವರೆಗೆ. ಅದನ್ನು ಗೆದ್ದವರಿಗೆ ಮುಂದಿನ ಬಂಗಾರ ಬರುವತನಕ ಗುಡ್ಡದ ಮೇಲಿನ ಗಿರಣಿಗಳ ಸಾಲು ಪೂರ್ತಿ. ಎಂಬತ್ತೊಂಬತ್ತು ಸುತ್ತು ಬಂಗಾರ ಬರದಿದ್ದರೆ ತೊಂಬತ್ತನೆಯ ಸುತ್ತಿಗೆ ಗಡಿಗೆಯನ್ನೇ ಪಕ್ಕಕ್ಕಿಟ್ಟು ಬಂಗಾರದ ಹೆಸರು ಕೂಗುತ್ತಾರೆ. ಇದಕ್ಕೆ ಕರುಣೆಯ ಎಣಿಕೆ ಎಂದು ಹೆಸರು.

ಬಂಗಾರದ ಚೀಟಿಯಲ್ಲಿರುವುದು ಫಲಕದ ಮಗುವಿನ, ಎಂದರೆ ಆ ಕಾಳಗಕ್ಕೆಂದೇ ಊರು ಸಾಕಿದ ಮಗುವಿನ ಹೆಸರು. ಒಂಬತ್ತು ವರ್ಷಕ್ಕೇ ಆರಿಸಿ, ಹಾಲು ಮೊಟ್ಟೆ ತಿನ್ನಿಸಿ, ಊರ ಗೋಡೆಯ ತುಂಬ ಅದರ ಚಿತ್ರ ಬರೆಯುತ್ತಾರೆ. ನಿನ್ನ ಆಟದ ಹುಡುಗಿಯರ ಹಾಗೇ ಕಾಣಬೇಕಲ್ಲ, ತಿಂಗಳಿಗೊಮ್ಮೆ ಕೂದಲಿಗೆ ನೀಲಿ ಬಣ್ಣ ತೀಡುತ್ತಾರೆ, ತಲೆಯ ಚರ್ಮ ಹುಣ್ಣಾಗಿ ಕೀವು ಸೋರುತ್ತದೆ. ಮುಖದಲ್ಲಿ ಕಣ್ಣೇ ಕಾಣಬೇಕೆಂದು ಕೆನ್ನೆಯತನಕ ಕಾಡಿಗೆ. ಊರಿಗೆ ಮಾಡಿದ ಉಪಕಾರ ಹೆಣಕ್ಕೆ ಮಾಡಿದ ಶೃಂಗಾರ ಎನ್ನುತ್ತಾರೆ, ನಮ್ಮಲ್ಲಿ ಶೃಂಗಾರ ಮೊದಲೇ ಆಗುತ್ತದೆ. ಹತ್ತು ವರ್ಷದ ಹಿಂದಿನ ಬಂಗಾರ ಶಂಕ್ರವ್ವ, ನನ್ನ ಶಿಷ್ಯೆ. ಎದುರಿನ ಹುಡುಗಿಯ ಕುತ್ತಿಗೆಗೆ ಮೂರು ಸಲ ಹೊಡೆದಳು, ಮೊದಲ ಎರಡಕ್ಕೆ ಕತ್ತಿ ಮೂಳೆಯಲ್ಲಿ ಸಿಕ್ಕಿಕೊಂಡಿತ್ತು. ಗೆದ್ದಳೆಂದು ಜನ ಕುಣಿದರು. ಅವಳು ತನ್ನ ಹೊಟ್ಟೆಯ ಗಾಯವನ್ನು ಕೈಯಿಂದ ಮುಚ್ಚಿಕೊಂಡೇ ನಕ್ಕಳು, ನಾಲ್ಕು ದಿನ ಕೂಗಿ ಕೂಗಿ ಸತ್ತಳು. ಐದನೆಯ ದಿನ ಹೊಸ ಫಲಕದ ಮಗುವನ್ನು ಆರಿಸಿದರು. ಅದು ನನ್ನ ಮಗಳು ಕಲ್ಲವ್ವ.

ಅವಳಿಗೀಗ ಹತ್ತೊಂಬತ್ತು. ಗೋಡೆಯ ಮೇಲೆ ಅವಳ ಹೆಸರು ‘ನೀಲಮಿಂಚು’ ಎಂದಿದೆ, ಮನೆಯಲ್ಲಿ ಕಲ್ಲಿ. ರೊಟ್ಟಿ ಸುಡಲು ಬರುವುದಿಲ್ಲ, ನಕ್ಕರೆ ಓಣಿಗೆಲ್ಲ ಕೇಳಿಸುತ್ತದೆ. ಎಂಬತ್ತೊಂಬತ್ತು ಚೀಟಿ ಎತ್ತಿದ್ದಾಯಿತು, ಅವಳದು ಬರಲಿಲ್ಲ. ಪ್ರತಿ ಸಲ ನಾನು ಬದುಕಿದೆ ಅಂದುಕೊಂಡೆ. ಒಂದೊಂದು ಸಲ ಬದುಕಿದ್ದೂ ಎಣಿಕೆಗೆ ಸೇರುತ್ತಿತ್ತು. ನಾಳೆ ಬೆಳಿಗ್ಗೆ ತೊಂಬತ್ತನೆಯದು.

ನಾಲ್ಕು ದಿನದ ಹಿಂದೆ ನನ್ನನ್ನು ಗಾಜು ಒರೆಸಲು ಕರೆದರು. ಕೊನೆಯ ಸುತ್ತಿನಲ್ಲಿ ಫಲಕದ ಮಗುವಿನ ತಾಯಿಗೆ ಕೊಡುವ ಮರ್ಯಾದೆ ಅದು. ನಿನ್ನ ಹನ್ನೊಂದು ಸಾಲು ಬಾಯಿಪಾಠವಿದ್ದರೂ ಓದಿದೆ. ಅನ್ಯಾಯ ಅನ್ನಲಾಗದು ಎಂಬಲ್ಲಿಗೆ ಬಂದಾಗ ಮೈಯೆಲ್ಲ ಉರಿಯಿತು. ಮಾಯವಾಗುವುದಾದರೆ ಆಗಲಿ, ಹಾಳಾಗಿ ಹೋಗಲಿ ಎಂದು ಒರೆಸುವ ಬಟ್ಟೆ ಎಸೆದು, ಕೆಳಗೆ ಸಣ್ಣಗೆ ‘ಇನ್ನಷ್ಟು ಓದಿ’ ಎಂದಿದ್ದಲ್ಲಿ ಬೆರಳು ಒತ್ತಿದೆ. ಬರಹ ಮಾಯವಾಗಲಿಲ್ಲ. ಉದ್ದವಾಯಿತು. ಒಂಬತ್ತು ಸಾಲು ಕೆಳಗೆ ಕೂತಿದ್ದವು, ಇನ್ನೂರು ವರ್ಷದಿಂದ. ‘ಆದರೂ ಇವತ್ತು ಈ ಆಟ ತೆಗೆದುಹಾಕಿದೆ’ ಎಂದು ಬರೆದಿದ್ದೆ ನೀನು. ‘ಖಾತ್ರಿ ಅನ್ನುವುದೇ ಇದರ ಬಲೆ. ಎಂಬತ್ತು ಸಲ ಎತ್ತಿದವರು ಇನ್ನು ಹತ್ತೇ ಅಲ್ಲವಾ ಎಂದು ಬಿಡುವುದಿಲ್ಲ. ಬಿಟ್ಟರೆ ಏನೋ ಕಳೆದುಕೊಳ್ಳುತ್ತೇನೆ ಅಂತ ಹೆದರಿದ್ದೆ. ಬಿಟ್ಟೆ. ಏನೂ ಆಗಲಿಲ್ಲ.’

ಓದಿ ಅತ್ತೆ, ನಕ್ಕೆ, ಓಡಿಹೋಗಿ ಚೀಟಿ ಎತ್ತುವ ಹಿರಿಯ ಗುರುಪಾದಪ್ಪನನ್ನು ಕೈಹಿಡಿದು ಎಳೆದು ತಂದೆ. ಅವನು ಕನ್ನಡಕ ಏರಿಸಿ ಒಂಬತ್ತೂ ಸಾಲು ಓದಿದ. ಅವನ ತಂಗಿಯೂ ಒಂದು ಕಾಲಕ್ಕೆ ಬಂಗಾರದ ಚೀಟಿಯಾಗಿದ್ದವಳು. ಮತ್ತೊಮ್ಮೆ ಮೊದಲಿನಿಂದ ಓದಿ ಅಂದ: “ಇದು ಖರೆ ಆದ್ರ, ಇಷ್ಟ ಮಂದಿ ಸತ್ತದ್ದು ಯಾತಕ್ಕ ಅಂತ ನಾ ಯಾರಿಗೆ ಹೇಳ್ಲೆವ್ವಾ? ಗಾಜ ಮುಟ್ಟೀದಿ. ಬೆರಳು ಹೋಗೂದ.” ಕತ್ತಿಯ ಹಿಡಿಯಿಂದ ಗಾಜನ್ನು ಪುಡಿಪುಡಿ ಮಾಡಿದ. ಅಲ್ಲೇ ಮೇಜಿನ ಮೇಲೆ ಕಾವಲಿನವರಿಂದ ನನ್ನ ಬಲಗೈ ಅದುಮಿ ಹಿಡಿಸಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದೇ ಏಟಿಗೆ ತೆಗೆದ. ಗಾಜನ್ನು ನಾನೇ ಒಡೆದೆ ಎಂದು ಊರಿಗೆ ಸಾರಿದ್ದಾರೆ. ಮೂರು ದಿನದಿಂದ ಕಂಡವರಿಗೆಲ್ಲ ನಿನ್ನ ಮಾತು ಹೇಳಿದೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹೆತ್ತ ಕರುಳು, ಏನೋ ಬಡಬಡಿಸುತ್ತಾಳೆ ಎಂದು ಮುಖ ನೋಡಿ ಹೋಗುತ್ತಾರೆ.

ನಂಬಿದವಳು ಒಬ್ಬಳೇ. ನನ್ನ ಕೈಗೆ ಬಟ್ಟೆ ಸುತ್ತುತ್ತ ಕಲ್ಲಿ ಕೇಳಿದಳು: “ಅವ್ವಾ, ತಪ್ಪಿಸ್ಕೊಳ್ಳೂದೊಂದು ಕಲಿತ್ರ ಸಾಕು ಅಂತ ಬರದಾಕಿನೂ ಆಕೀನ ಅಲ್ಲನು? ನಾ ಅಷ್ಟ ಮಾಡ್ತೀನಿ. ಜಾರ್ಕೋತ ಇರ್ತೀನಿ. ಒಂದೂ ಏಟು ಹಾಕಂಗಿಲ್ಲ.” ನಾಳೆ ಎದುರು ನಿಲ್ಲುವ ಹೊಸಬಾವಿಯ ಬಂಗಾರದ ಹುಡುಗ ಹಾಕಿದರೆ ಎಂದೆ. “ಹಾಕ್ಲಿ. ಅಂವಗೂ ಕೈ ಸೋಲ್ತಾವಲ್ಲ. ಸೋತು ಕುಂತಾಗ ನಿನ್ನ ಒಂಬತ್ತು ಸಾಲು ಅಂವಗ ಹೇಳ್ತೀನಿ.” ಇಡೀ ಊರಿನಲ್ಲಿ ಅವಳಷ್ಟು ಚೆನ್ನಾಗಿ ಜಾರುವವರು ಇಲ್ಲ. ಆದರೆ ಹೊಡೆಯದೆ ಎಷ್ಟು ಹೊತ್ತು ಜಾರಬಹುದೆಂದು ಕಲಿಸಿದ ನನಗೂ ಗೊತ್ತಿಲ್ಲ, ಯಾರೂ ಮಾಡಿ ನೋಡಿಲ್ಲ. ಈಗ ಅಂಗಳದಲ್ಲಿ ಕತ್ತಿಯಿಲ್ಲದೆ ಅಭ್ಯಾಸ ಮಾಡುತ್ತಿದ್ದಾಳೆ, ಕಾಲಿನ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ನನಗೆ ಭಯವಾಗುತ್ತಿದೆ, ತಂಗಿ. ಇಷ್ಟು ಭಯ ಕಟ್ಟೆಯ ಮೇಲೆ ನಿಂತಾಗಲೂ ಆಗಿರಲಿಲ್ಲ.

ಹಿಂದಕ್ಕೆ ಹೋಗುವ ಟಪಾಲು ಇಲ್ಲವೆಂದು ನನಗೆ ತಿಳಿದಿದೆ. ಆದರೂ ಈ ಕಾಗದವನ್ನು ಮೊದಲ ಗಿರಣಿಯ ಕಂಬದೊಳಗೆ ಇಡುತ್ತೇನೆ. ಆ ಕಂಬ ನಿನ್ನ ಕಾಲದಲ್ಲೂ ನಿಂತಿತ್ತಂತೆ. ಹೇಗಾದರೂ ಸಿಕ್ಕಿದರೆ ನನ್ನದೊಂದೇ ಬೇಡಿಕೆ. ಆಟವನ್ನು ಹೊಗಳಬೇಡ ಎನ್ನುವುದಿಲ್ಲ, ಅದು ಹೊಗಳಿಕೆಗೆ ತಕ್ಕದ್ದೇ. ನಕ್ಷತ್ರ ಎಷ್ಟಾದರೂ ಕೊಡು. ಆದರೆ ಕೊನೆಯಲ್ಲಿ ಬರೆದದ್ದನ್ನು ಮೊದಲ ಸಾಲಿನಲ್ಲಿ ಬರೆ. ಯಾರೂ ಬೆರಳು ಒತ್ತಬೇಕಾಗದ ಜಾಗದಲ್ಲಿ ಬರೆ. ನೀನು ಹಾಗೆ ಬರೆದರೆ ನಮ್ಮ ಕಾಲವೇ ಬೇರೆಯಾಗಿ, ನಾನು ಹುಟ್ಟದೇ ಇರಬಹುದು, ಕಲ್ಲಿಯೂ ಹುಟ್ಟದೇ ಇರಬಹುದು. ಇದನ್ನು ಅವಳಿಗೂ ಹೇಳಿದೆ. ಹಾಗಾದರೂ ಸರಿ, ಅವಳಿಗೆ ಬರೆಯಲು ಹೇಳು ಅಂದಳು.

ಗಿರಣಿಪೇಟೆಯ ನೀಲಗಂಗವ್ವ
ಕತ್ತಿ ಕಲಿಸುವವಳು, ಕಲ್ಲವ್ವನ ತಾಯಿ